ಗ್ರೀಕ್ ಉಪಪದವೂ ಕನ್ನಡದ ‘ಅವನು-ಅದು’ ಪ್ರತ್ಯಯಗಳೂ

ಕನ್ನಡನಾಡಿನ ಪ್ರಾಚೀನ ಚರಿತ್ರೆಯನ್ನು ಶೋಧಿಸುವವರಿಗೆ ಗ್ರೀಕ್ ಭಾಷೆಯ ಪರಿಚಯವು ಅವಶ್ಯವೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಕ್ರಿ. ಶ. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರು ಬಂದಿದೆ. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ೪೧೩ನೆಯ ಪಪೈರಸ್ ಪತ್ರದಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರೊಳಗಿನ ಅನ್ಯದೇಶೀಯರ ಮಾತುಗಳು ಕನ್ನಡವಾಗಿರಬಹುದೆಂದು ಹುಲ್ಟ್ಸ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಉಂಟು. ಆದರೆ ಒಪ್ಪುವವರಾಗಲಿ ಒಪ್ಪದವರಾಗಲಿ ನಮ್ಮಲ್ಲಿ ಬಹುಮಂದಿ ಆ ಪ್ರಹಸನವನ್ನು ಇಂಗ್ಲಿಷ್ ಭಾಷಾಂತರದ ಮೂಲಕವೇ ಬಲ್ಲವರು. ಪರರ ಕನ್ನಡಿಯಲ್ಲಿ ನಮ್ಮ ಮುಖವನ್ನು ನೋಡಿಕೊಳ್ಳುವ ಈ ಸ್ಥಿತಿಯು ವಿದ್ಯೆಗೆ ಶೋಭಿಸದು.

ಮೂಲವನ್ನೇ ಓದಬೇಕೆಂದು ಹೊರಟ ಕನ್ನಡಿಗನು ಮೊದಲು ಎಡವುವ ಕಲ್ಲು ಆ ಭಾಷೆಯ ಉಪಪದ. ‘ಹೊ, ಹೇ, ತೊ’ ಎಂಬ ಈ ಪದವು ಮೂರು ಲಿಂಗ, ನಾಲ್ಕು ವಿಭಕ್ತಿ, ಏಕವಚನ ಬಹುವಚನಗಳಲ್ಲಿ ೨೪ ಸ್ಥಾನಗಳನ್ನು ತುಂಬುತ್ತದೆ. ಒಂದೇ ರೂಪವು ಹಲವೆಡೆ ಬರುವುದರಿಂದ ಬೇರೆ ಬೇರೆ ರೂಪಗಳು ೧೭. ಇವನ್ನು ಬಾಯಿಪಾಠ ಮಾಡುವುದು ಒಂದು ವಾರದ ಕೆಲಸ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅರಿಯುವುದೇ ಕಷ್ಟ. ನಮಗೆ ದೊರೆಯುವ ಪಾಠಪುಸ್ತಕಗಳು ಇಂಗ್ಲಿಷಿನಲ್ಲಿರುವುದರಿಂದ ಆ ಭಾಷೆಯ ‘ದಿ’ ಎಂಬುದನ್ನೇ ಅಳತೆಗೋಲಾಗಿ ಹಿಡಿಯುತ್ತೇವೆ. ಆ ಕೋಲು ನಮಗೂ ಪರಕೀಯ, ಗ್ರೀಕಿಗೂ ಪೂರ್ತಿ ಹೊಂದದು. ಕನ್ನಡದಲ್ಲಿಯೇ ಇದಕ್ಕಿಂತ ಹತ್ತಿರದ ಸಾಧನವೊಂದಿದೆಯೆಂದೂ ಅದರ ಮಿತಿಯನ್ನರಿತು ಬಳಸಿದರೆ ಈ ಕಲ್ಲನ್ನು ದಾಟಬಹುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಉಪಪದದ ಪೂರ್ವಚರಿತ್ರೆ. ಹೋಮರನ ಕಾವ್ಯಗಳಲ್ಲಿ ‘ಹೊ, ಹೇ, ತೊ’ ಎಂಬುದು ಬಹುತರವಾಗಿ ‘ಅವನು, ಅವಳು, ಅದು’ ಎಂಬ ಅರ್ಥದ ಸರ್ವನಾಮ. ಕಾಲಕ್ರಮದಲ್ಲಿ ಅದರ ಬೆರಳುತೋರುವ ಕಸುವು ಕುಗ್ಗಿ, ಆಥೆನ್ಸಿನ ಗದ್ಯದ ಕಾಲಕ್ಕೆ ನಾಮಪದಕ್ಕೆ ಅಂಟಿ ನಡೆಯುವ ಪದವಾಯಿತು. ವೈಯಾಕರಣರು ಅದನ್ನು ‘ಅರ್ಥ್ರೊನ್’ ಎಂದು ಕರೆದರು. ಆ ಮಾತಿಗೆ ಮೈಯ ಕೀಲು ಎಂದರ್ಥ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನ ವ್ಯಾಕರಣದಲ್ಲಿ ಎಣಿಸಿರುವ ಎಂಟು ಪದಜಾತಿಗಳಲ್ಲಿ ಇದೂ ಒಂದು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಪೊಲ್ಲೋನಿಯಸ್ ಡಿಸ್ಕೊಲಸನು ತನ್ನ ವಾಕ್ಯಶಾಸ್ತ್ರದ ಮೊದಲನೆಯ ಪುಸ್ತಕವನ್ನು ಇದಕ್ಕೇ ಮೀಸಲಿಟ್ಟು, ಹಿಂದೆ ತಿಳಿದುದನ್ನು ಮತ್ತೆ ನೆನಪಿಗೆ ತರುವುದೇ ಉಪಪದದ ಮುಖ್ಯ ಕಾರ್ಯವೆಂದು ವಾದಿಸಿದನು. ಲ್ಯಾಟಿನಿನಲ್ಲಿ ಉಪಪದವಿಲ್ಲ, ತಮ್ಮ ಭಾಷೆಗೆ ಅದರ ಕೊರತೆ ಕಾಣದೆಂದು ಕ್ವಿಂಟಿಲಿಯನನು ಹೇಳಿದ್ದಾನೆ. ರೋಮಿನ ವಿದ್ಯಾರ್ಥಿಗಳು ಉಪಪದವಿಲ್ಲದ ಭಾಷೆಯಿಂದ ಹೋಗಿಯೇ ಗ್ರೀಕನ್ನು ಕಲಿತವರು. ಆದುದರಿಂದ ನಮ್ಮ ಸ್ಥಿತಿಯು ಹೊಸದಲ್ಲ, ನಾಚಿಕೆಗೂ ಕಾರಣವಲ್ಲ.

ಕನ್ನಡವೂ ಗ್ರೀಕೂ ಈ ವಿಷಯದಲ್ಲಿ ಎದುರುಬದುರಾಗಿ ನಿಂತ ಪ್ರಸಂಗವೊಂದು ನಮ್ಮ ಚರಿತ್ರೆಯಲ್ಲಿದೆ. ಅದರ ಸ್ಥಳ ಬಳ್ಳಾರಿ. ೧೮೦೦ರಲ್ಲಿ ನಿಜಾಮನು ಕಂಪೆನಿಗೆ ಒಪ್ಪಿಸಿಕೊಟ್ಟ ಸೀಮೆಯಿಂದ ೧೮೦೮ರಲ್ಲಿ ಬಳ್ಳಾರಿ ಜಿಲ್ಲೆಯು ರೂಪುಗೊಂಡಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರದೇಶವು ಆ ಜಿಲ್ಲೆಯ ಪಶ್ಚಿಮ ಭಾಗವಾಗಿ ೧೯೫೩ರವರೆಗೆ ಮದರಾಸಿನ ಆಡಳಿತದಲ್ಲಿದ್ದು, ಆಮೇಲೆ ಮೈಸೂರಿಗೆ ಸೇರಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಒಳಪಟ್ಟಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬಳ್ಳಾರಿಗೆ ಬಂದುದು ೧೮೧೦ರಲ್ಲಿ. ಬೈಬಲನ್ನು ಕನ್ನಡಿಸುವ ಕಾರ್ಯವನ್ನು ಅವನು ಕೈಗೊಂಡನು. ೧೮೩೧ರ ಹೊತ್ತಿಗೆ ಅದು ಸಮಗ್ರವಾಗಿ ಮುಗಿಯಿತು. ಅದೇ ಮಿಷನ್ನಿನ ವಿಲಿಯಂ ರೀವನ ನಿಘಂಟುಗಳು ೧೮೨೪ರಲ್ಲಿಯೂ ೧೮೩೨ರಲ್ಲಿಯೂ ಹೊರಬಂದುವು. ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ, ಮ್ಯಾಕೆರಲನದು ೧೮೨೦ರಲ್ಲಿ ಅಚ್ಚಾಗಿದ್ದುವು.

ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದರಲ್ಲಿ ಸುಮಾರು ೧,೩೮,೦೦೦ ಪದಗಳಿದ್ದು, ಅವುಗಳಲ್ಲಿ ೨೦,೦೦೦ದಷ್ಟು ಉಪಪದಗಳೇ. ಎಂದರೆ ಸರಾಸರಿ ಏಳು ಪದಗಳಿಗೊಂದು ಉಪಪದ. ಇಷ್ಟು ಬಾರಿ ಬರುವ ಪದಕ್ಕೆ ಕನ್ನಡದಲ್ಲಿ ನೇರವಾದ ಪ್ರತಿಪದವೇ ಇಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸರ್ವನಾಮವುಂಟು, ಗುಣವಚನವುಂಟು, ಕೃಲ್ಲಿಂಗವುಂಟು; ಉಪಪದವೆಂಬ ಪದಜಾತಿಯಿಲ್ಲ. ಪ್ರತಿಯೊಂದು ‘ಹೊ’ ಕಾರಕ್ಕೂ ‘ಆ’ ಎಂದು ಬರೆದರೆ ಕನ್ನಡವು ಕುಂಟುವುದು. ಎಲ್ಲವನ್ನೂ ಬಿಟ್ಟರೆ ಅರ್ಥವು ಸೋರಿಹೋಗುವುದು. ಕನ್ನಡಕ್ಕೆ ತರುವ ಭಾಷಾಂತರಕಾರನು ಎದುರಿಸಿದ ಈ ಪ್ರಶ್ನೆಯನ್ನೇ ಇಂದು ಕನ್ನಡದಿಂದ ಗ್ರೀಕಿಗೆ ಹೋಗುವ ವಿದ್ಯಾರ್ಥಿಯು ಇನ್ನೊಂದು ದಡದಲ್ಲಿ ನಿಂತು ಎದುರಿಸುತ್ತಾನೆ.

ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಈ ಐದು ಊರುಗಳ ಆಡುಮಾತನ್ನೇ ನೋಡಬಹುದು. ‘ಕೊಟ್ಟೂರಿನವರು ಬಂದರು’ ಎನ್ನುತ್ತೇವೆ. ಇಲ್ಲಿ ‘ಜನ’ ಎಂಬ ನಾಮಪದವೇ ಇಲ್ಲ. ‘ಕೊಟ್ಟೂರಿನ’ ಎಂಬ ಷಷ್ಠಿಗೆ ‘ಅವರು’ ಸೇರಿ ಹೊಸ ನಾಮಪದವಾಯಿತು. ಮಲ್ಲಿಗೆಯ ಮಾತು ಬಂದಾಗ ‘ಹಡಗಲಿಯದು ಒಳ್ಳೆಯದು’ ಎಂದರೆ ಸಾಕು. ಗ್ರೀಕಿನವನು ಇದೇ ಕೆಲಸವನ್ನು ಉಪಪದದಿಂದ ಮಾಡಿಸುತ್ತಾನೆ. ‘ಹೊಯ್ ಎನ್ ತೇಯ್ ಪೊಲೇಯ್’ ಎಂಬುದು ಅಕ್ಷರಶಃ ‘ಅವರು-ಊರಿನಲ್ಲಿ’, ಅರ್ಥ ‘ಊರಿನಲ್ಲಿರುವವರು’. ಗುಣವಾಚಕಕ್ಕೆ ಹಚ್ಚಿದರೆ ‘ಹೊ ಅಗಥೊಸ್’, ಒಳ್ಳೆಯವನು. ‘ತೊ ಕಲೊನ್’, ಚೆಲುವಾದುದು. ಕೃದಂತಕ್ಕೆ ಹಚ್ಚಿದರೆ ‘ಹೊ ಗ್ರಫೋನ್’, ಬರೆಯುವವನು. ಭಾವರೂಪಕ್ಕೆ ಹಚ್ಚಿದರೆ ‘ತೊ ಗ್ರಫೇನ್’, ಬರೆಯುವುದು. ಪ್ಲೇಟೊ ಮೊದಲಾದ ತತ್ತ್ವಜ್ಞರು ಚರ್ಚಿಸಿದ ‘ತೊ ಒನ್’ ಎಂಬ ಗಹನವಾದ ಮಾತು ಕನ್ನಡದಲ್ಲಿ ಸರಳವಾಗಿ ‘ಇರುವುದು’. ಇಂಗ್ಲಿಷಿನವನು ಇವುಗಳಲ್ಲಿ ಎಷ್ಟೋ ಕಡೆ ‘ಯಾವನು ಬರೆಯುತ್ತಾನೋ ಅವನು’ ಎಂಬಂತೆ ಬಳಸುದಾರಿ ಹಿಡಿಯಬೇಕು. ಕನ್ನಡಿಗನಿಗೆ ನೇರವಾದ ದಾರಿಯಿದೆ: ಗ್ರೀಕಿನಲ್ಲಿ ಮುಂದೆ ನಿಲ್ಲುವುದು ಕನ್ನಡದಲ್ಲಿ ಹಿಂದೆ ಅಂಟುತ್ತದೆ. ಎರಡರ ಹುಟ್ಟೂ ದೂರವನ್ನು ತೋರುವ ಸರ್ವನಾಮದಲ್ಲಿಯೇ ಎಂಬುದನ್ನು ಗಮನಿಸಬೇಕು. ಇದರಿಂದ ಈ ಭಾಷೆಗಳು ಜ್ಞಾತಿಗಳೆಂದು ಹೇಳಲು ಬಾರದು. ಒಂದೇ ಬೇಕಾದುದಕ್ಕೆ ಎರಡು ಜನಾಂಗಗಳು ಒಂದೇ ಬಗೆಯ ಸಾಮಗ್ರಿಯಿಂದ ಉಪಕರಣವನ್ನು ಮಾಡಿಕೊಂಡುವೆಂದಷ್ಟೆ ತಿಳಿಯಬೇಕು.

ಇದು ಇತ್ತೀಚಿನ ಆಡುಮಾತಿನ ಗುಣವೂ ಅಲ್ಲ. ಹರಪನಹಳ್ಳಿಯ ಬಳಿಯ ಬಾಗಳಿಯೂ ಕೋಗಳಿ ಐನೂರರ ನೆಲೆಯಾದ ಕೋಗಳಿಯೂ ಶಾಸನಗಳಿಗೆ ಹೆಸರಾದ ಸ್ಥಳಗಳು. ಕನ್ನಡ ದಾನಶಾಸನಗಳ ಕೊನೆಯ ಶಾಪಾಶಯದ ಭಾಗದಲ್ಲಿ ‘ಅೞಿದೊಂ’, ‘ಅೞಿದಂ’, ‘ಅೞಿದವಂ’ ಎಂಬ ರೂಪಗಳು ಬರುವುದನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಧರ್ಮವನ್ನು ಕೆಡಿಸಿದವನು ಯಾವನೇ ಆಗಲಿ ಅವನಿಗೆ ಪಾಪವೆಂಬ ವ್ಯಾಪಕವಾದ ಅರ್ಥವನ್ನು ಆ ಪ್ರತ್ಯಯವೊಂದೇ ಹೊರುತ್ತದೆ. ಗ್ರೀಕಿನಲ್ಲಿಯೂ ಉಪಪದವು ಗೊತ್ತಾದ ಒಬ್ಬನನ್ನು ಮಾತ್ರವಲ್ಲದೆ ಒಂದು ವರ್ಗವನ್ನೇ ಸೂಚಿಸಬಲ್ಲುದು. ಶಾಸನವನ್ನು ಓದಿದ ಕನ್ನಡಿಗನಿಗೆ ಇದು ಹೊಸ ಪಾಠವಾಗಬೇಕಾದುದಿಲ್ಲ.

ಇನ್ನು ಸಾಮ್ಯದ ಮಿತಿ. ಇಲ್ಲಿ ಎಚ್ಚರ ತಪ್ಪಿದರೆ ಸಹಾಯವೇ ಬಲೆಯಾಗುವುದು. ‘ಹೊ ಅಗಥೊಸ್ ಅನೇರ್’ ಎಂದರೆ ‘ಒಳ್ಳೆಯ ಗಂಡಸು’. ‘ಹೊ ಅನೇರ್ ಅಗಥೊಸ್’ ಎಂದರೆ ‘ಗಂಡಸು ಒಳ್ಳೆಯವನು’ ಎಂಬ ಪೂರ್ಣವಾಕ್ಯ. ಕನ್ನಡದಲ್ಲಿ ವಿಶೇಷಣವಾಗಿರುವಾಗ ‘ಒಳ್ಳೆಯ’ ಎಂಬುದು ಬರಿದಾಗಿದ್ದು, ವಿಧೇಯವಾದಾಗ ‘ಅವನು’ ಸೇರುತ್ತದೆ. ಗ್ರೀಕಿನಲ್ಲಿ ವಿಧೇಯಕ್ಕೆ ಸಾಧಾರಣವಾಗಿ ಉಪಪದವಿಲ್ಲ. ಕನ್ನಡವನ್ನೇ ನೆಚ್ಚಿ ‘ಹೊ ಅನೇರ್ ಹೊ ಅಗಥೊಸ್’ ಎಂದು ಬರೆದ ವಿದ್ಯಾರ್ಥಿಯ ವಾಕ್ಯವು ‘ಒಳ್ಳೆಯ ಗಂಡಸು’ ಎಂದಾಗಿ ಅರ್ಧಕ್ಕೇ ನಿಲ್ಲುವುದು. ಆದುದರಿಂದ ಸೂತ್ರವನ್ನು ಹೀಗೆ ಹೇಳಿಕೊಳ್ಳಬೇಕು: ಕನ್ನಡದ ‘ಅವನು-ಅದು’ ಪ್ರತ್ಯಯವು ಕರ್ತೃ, ಕರ್ಮ ಮೊದಲಾದ ಸ್ಥಾನಗಳಲ್ಲಿ ನಾಮಪದವನ್ನು ಕಟ್ಟಿದಾಗ ಗ್ರೀಕಿನಲ್ಲಿ ಉಪಪದವನ್ನು ನೆನೆಯಬೇಕು, ವಿಧೇಯದಲ್ಲಿ ಬಂದಾಗ ಬಿಡಬೇಕು. ನಾಲ್ಕನೆಯ ಸುವಾರ್ತೆಯ ಮೊದಲ ವಾಕ್ಯದಲ್ಲಿ ‘ಲೊಗೊಸ್’ ಎಂಬ ಕರ್ತೃವಿಗೆ ಉಪಪದವಿದ್ದು, ‘ಥೆಒಸ್’ ಎಂಬ ವಿಧೇಯಕ್ಕೆ ಇಲ್ಲದಿರುವುದನ್ನು ಕುರಿತು ಶತಮಾನಗಳ ಕಾಲ ಚರ್ಚೆ ನಡೆದಿದೆ. ಒಂದಕ್ಷರದ ಪದವನ್ನು ಅಲಕ್ಷಿಸಿದವನಿಗೆ ಆ ಚರ್ಚೆಯ ಬಾಗಿಲೇ ತೆರೆಯದು.

ಎರಡನೆಯ ಎಚ್ಚರಿಕೆ ಸಮುಚ್ಚಯದ ವಿಷಯದಲ್ಲಿ. ‘ಹೊ ಬಸಿಲೆವ್ಸ್ ಕೈ ದಿದಸ್ಕಲೊಸ್’ ಎಂದು ಒಂದೇ ಉಪಪದವಿದ್ದರೆ ಅರಸನೂ ಗುರುವೂ ಒಬ್ಬನೇ. ಎರಡನೆಯದಕ್ಕೂ ಉಪಪದವನ್ನು ಹಚ್ಚಿದರೆ ಸಾಮಾನ್ಯವಾಗಿ ಇಬ್ಬರು. ವ್ಯಕ್ತಿವಾಚಕವಾದ ಏಕವಚನಗಳಿಗೆ, ಅಂಕಿತನಾಮಗಳನ್ನು ಬಿಟ್ಟು, ಗ್ರ್ಯಾನ್‌ವಿಲ್ ಶಾರ್ಪನು ೧೭೯೮ರಲ್ಲಿ ಈ ನಿಯಮವನ್ನು ನಿರೂಪಿಸಿದನು. ಕನ್ನಡದಲ್ಲಿ ‘ಅರಸನೂ ಗುರುವೂ ಬಂದರು’ ಎಂದರೆ ಇಬ್ಬರು. ‘ಅರಸನೂ ಗುರುವೂ ಆದವನು ಬಂದನು’ ಎಂದರೆ ಒಬ್ಬನು. ಇಲ್ಲಿ ಮತ್ತೆ ‘ಅವನು’ ಎಂಬ ಪ್ರತ್ಯಯವೇ ಎರಡನ್ನೂ ಒಂದು ಕೀಲಿಗೆ ಸಿಕ್ಕಿಸುತ್ತದೆ.

ಮೂರನೆಯದು ದ್ವಿತೀಯಾ ವಿಭಕ್ತಿ. ‘ಅವನು ಪುಸ್ತಕ ಓದಿದನು’ ಎಂಬುದಕ್ಕೂ ‘ಅವನು ಪುಸ್ತಕವನ್ನು ಓದಿದನು’ ಎಂಬುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ಮಾತನಾಡುವವರಿಗೆ ಗೊತ್ತಾದ ಪುಸ್ತಕವೆಂಬ ಧ್ವನಿ ಹೆಚ್ಚು. ಅಪೊಲ್ಲೋನಿಯಸನು ಉಪಪದಕ್ಕೆ ಹೇಳಿದ ‘ಮತ್ತೆ ನೆನಪಿಸುವ’ ಕಾರ್ಯದ ಒಂದು ಪಾಲನ್ನು ನಮ್ಮಲ್ಲಿ ‘ಅನ್ನು’ ಪ್ರತ್ಯಯವು ನಿರ್ವಹಿಸುತ್ತಿದೆ. ಗ್ರಂಥಸ್ಥ ಶೈಲಿಯಲ್ಲಿ ಈ ಭೇದವು ಮಸುಕಾಗಿರುವುದರಿಂದ ಕಲಿಯುವವನು ತನ್ನ ಮನೆಮಾತಿಗೆ ಕಿವಿಗೊಟ್ಟು ಪರೀಕ್ಷಿಸುವುದು ಲೇಸು.

ಉಳಿದ ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ಗ್ರೀಕಿನಲ್ಲಿ ಅಂಕಿತನಾಮಕ್ಕೂ ಭಾವನಾಮಕ್ಕೂ ಉಪಪದ ಬರಬಹುದು: ‘ಹೊ ಸೋಕ್ರತೇಸ್’, ‘ಹೇ ಅರೆತೇ’. ಇಂಗ್ಲಿಷಿನ ಅಳತೆಯವರಿಗೆ ಇದು ವಿಚಿತ್ರ. ‘ಒಂದು’, ‘ಒಬ್ಬ’ ಎಂಬರ್ಥದ ಅನಿರ್ದಿಷ್ಟ ಉಪಪದವು ಪ್ರಾಚೀನ ಗ್ರೀಕಿನಲ್ಲಿಲ್ಲ. ಉಪಪದವನ್ನು ಬಿಟ್ಟರೇ ಆ ಅರ್ಥ. ಇನ್ನು ಲಿಂಗವು ಕನ್ನಡದಲ್ಲಿ ಅರ್ಥವನ್ನು ಅನುಸರಿಸಿದರೆ ಗ್ರೀಕಿನಲ್ಲಿ ಶಬ್ದವನ್ನು ಅನುಸರಿಸುತ್ತದೆ. ದಾರಿ ಎಂಬರ್ಥದ ‘ಹೊದೊಸ್’ ಸ್ತ್ರೀಲಿಂಗ. ಕಿವಿಗೆ ಪುಲ್ಲಿಂಗದಂತೆ ಕೇಳಿಸುವ ಈ ಶಬ್ದದ ಗುಟ್ಟನ್ನು ‘ಹೇ’ ಎಂಬ ಉಪಪದವೇ ಹೊರಗೆಡಹುವುದು. ಆದುದರಿಂದ ಪ್ರತಿಯೊಂದು ನಾಮಪದವನ್ನೂ ಅದರ ಉಪಪದದೊಡನೆಯೇ ಕಂಠಸ್ಥ ಮಾಡಬೇಕು.

ಬಳ್ಳಾರಿಯ ಭಾಷಾಂತರದ ಕಾಲದಿಂದ ಈಚೆಗೆ ಎರಡು ಶತಮಾನಗಳು ಕಳೆದುವು. ಹೊರಗಿನವರು ಗ್ರೀಕಿನಿಂದ ಕನ್ನಡಕ್ಕೆ ಬರುವ ದಾರಿಯನ್ನು ಕಡಿದರು. ಅದಕ್ಕಾಗಿ ವ್ಯಾಕರಣ, ನಿಘಂಟುಗಳನ್ನು ಸಿದ್ಧಮಾಡಿಕೊಂಡರು. ಕನ್ನಡದಿಂದ ಗ್ರೀಕಿಗೆ ಹೋಗುವ ದಾರಿಯನ್ನು ನಾವೇ ಕಡಿಯಬೇಕು. ಕನ್ನಡಿಗರಿಗಾಗಿ ಬರೆಯುವ ಗ್ರೀಕ್ ವ್ಯಾಕರಣದಲ್ಲಿ ಉಪಪದದ ಪ್ರಕರಣವು ‘ಕೊಟ್ಟೂರಿನವರು’, ‘ಬರೆಯುವವನು’, ‘ಇರುವುದು’ ಎಂಬ ಮಾತುಗಳಿಂದ ಮೊದಲಾಗಲಿ. ಸಾಹಿತ್ಯದ ಅಧ್ಯಾಪಕರು ಕೇಶಿರಾಜನ ಕೃಲ್ಲಿಂಗವನ್ನು ಪಾಠ ಹೇಳುವಾಗ ಈ ಸಾಮ್ಯವನ್ನೂ ಅದರ ಮಿತಿಯನ್ನೂ ಒಂದೆರಡು ಮಾತಿನಲ್ಲಿ ಸೂಚಿಸಲಿ. ಹಾಗಾದರೆ ಪಪೈರಸ್ ಪತ್ರದ ಪ್ರಹಸನದಲ್ಲಿ ಕನ್ನಡವಿದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಮುಂದಿನ ತಲೆಮಾರಿನವರು ಮೂಲದ ಎದುರಿನಲ್ಲಿಯೇ ಕುಳಿತು ವಿಚಾರಿಸಬಲ್ಲರು. ಇಲ್ಲಿಯ ಗುಣದೋಷಗಳನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಬಿನ್ನಹ.