ಮಂಗಳೂರಿನ ಚಾಪೆಲ್ ಚಿತ್ರಗಳು: ದಿನದಿನದ ದುಡಿಮೆಯ ಒಂದು ಚರಿತ್ರೆ

ನಮ್ಮ ಚಿಕ್ಕಬಾಣಾವರದ ನಿಲ್ದಾಣದಲ್ಲಿ ಕವಲೊಡೆಯುವ ಹಾಸನದ ರೈಲುಹಾದಿಯು ಮುಂದೆ ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಆ ನಗರದ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಚಾಪೆಲನ್ನು ನಮ್ಮ ಭಕ್ತಾದಿಗಳಲ್ಲಿ ಹಲವರು ಸಂದರ್ಶಿಸಿರಬಹುದು. ಗೋಡೆ, ಕಮಾನು, ಚಾವಣಿಗಳೆಲ್ಲವೂ ಅಲ್ಲಿ ಚಿತ್ರಮಯ. ನೋಡಿ ಬೆರಗಾಗುವವರು ಬಹುಮಂದಿ. ಅವು ಮೂಡಿದ ಬಗೆಯನ್ನು ವಿಚಾರಿಸುವವರು ವಿರಳ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸಬಯಸುತ್ತೇವೆ.

ಚಿತ್ರಕಾರರು ಬ್ರದರ್ ಅಂತೋನಿಯೊ ಮೊಸ್ಕೇನಿಯವರು. ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆತ್ಸಾನೊ ಗ್ರಾಮದಲ್ಲಿ 1854ರಲ್ಲಿ ಜನಿಸಿ, ಬೆರ್ಗಮೊದ ಕರ್ರಾರ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ, 1889ರಲ್ಲಿ ಯೇಸುಸಭೆಯನ್ನು ಸೇರಿದರು. ಮಂಗಳೂರಿಗೆ ಬಂದದ್ದು 1898ರಲ್ಲಿ. 1880ರ ದಶಕದಲ್ಲಿ ಕಟ್ಟಲ್ಪಟ್ಟಿದ್ದ ಚಾಪೆಲಿನಲ್ಲಿ 1899ರಲ್ಲಿ ಕಾರ್ಯಾರಂಭ ಮಾಡಿ, 1901ರ ಹೊತ್ತಿಗೆ ಪೂರೈಸಿದರು. ಚಾವಣಿಯ ನಡುವೆ ಸಂತ ಅಲೋಶಿಯಸರ ಜೀವನ, ಅದರ ಇಳಿಜಾರಿನಲ್ಲಿ ಪ್ರೇಷಿತರು, ಗೋಡೆಗಳ ಮೇಲೆ ಯೇಸುಸ್ವಾಮಿಯ ಹಾಗೂ ಸಂತರ ಚರಿತೆ ಅಲ್ಲಿ ಮೂಡಿ ನಿಂತಿವೆ.

ಚಾವಣಿಯ ಚಿತ್ರಗಳು ಕ್ಯಾನ್ವಾಸ್ ಬಟ್ಟೆಯ ಮೇಲಿನ ತೈಲವರ್ಣದವು; ಗೋಡೆಯವು ಫ್ರೆಸ್ಕೊ, ಅಂದರೆ ಹಸಿಗಾರೆಯ ಚಿತ್ರಗಳು. ಈ ವಿಧಾನದ ಕಷ್ಟವನ್ನು ಅರಿಯದೆ ಕಲಾವಿದನ ತಾಳ್ಮೆಯನ್ನು ಅಳೆಯಲಾಗದು. ಸುಣ್ಣ ಮರಳಿನ ಗಾರೆಯು ಹಸಿಯಾಗಿರುವಾಗಲೇ ನೀರಿನಲ್ಲಿ ಅರೆದ ಬಣ್ಣವನ್ನು ಹಚ್ಚಬೇಕು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಸುಣ್ಣವು ಕಲ್ಲಾಗುವಾಗ ಬಣ್ಣವೂ ಅದರೊಳಗೇ ಬಂಧಿತವಾಗುತ್ತದೆ. ಗಾರೆ ಒಣಗಿದ ಮೇಲೆ ಬಣ್ಣ ಹಿಡಿಯದು. ಆದಕಾರಣ ಒಂದು ದಿನಕ್ಕೆ ಸಾಕಾಗುವಷ್ಟೇ ಗಾರೆಯನ್ನು ಬಳಿದು, ಸಂಜೆಗೆ ಉಳಿದುದನ್ನು ಕೆರೆದು ತೆಗೆದು, ಮರುದಿನ ಅದೇ ಅಂಚಿಗೆ ಹೊಸ ಗಾರೆಯನ್ನು ಕೂಡಿಸಬೇಕು. ಬಣ್ಣವೋ ಒಣಗಿದಂತೆ ತಿಳಿಯಾಗುತ್ತದೆ. ನಿನ್ನೆಯ ನೀಲಿಗೆ ಇಂದಿನ ನೀಲಿಯನ್ನು ಹೊಂದಿಸುವುದು ಊಹೆಯಿಂದಲೇ. ಕೈ ತಪ್ಪಿದರೆ ಗಾರೆಯನ್ನೇ ಒಡೆದು ಮತ್ತೆ ಮೊದಲುಮಾಡಬೇಕು. ಅಂತೆಯೇ ಫ್ರೆಸ್ಕೊ ಚಿತ್ರಕಾರನು ಪ್ರತಿ ಮುಂಜಾನೆಯೂ ಅಪೂರ್ಣ ಚಿತ್ರವೊಂದರ ಮುಂದೆ ಬಂದು ನಿಲ್ಲುವವನು. ಅವನ ಮುನ್ನಡೆ ಗೇಣಿನ ಲೆಕ್ಕದಲ್ಲಿ.

ಬಳಿಕ ಮೊಸ್ಕೇನಿಯವರು ಕೊಚ್ಚಿಯ ಸಾಂತಾಕ್ರೂಜ್ ದೇವಾಲಯದ ಅಲಂಕಾರವನ್ನು ವಹಿಸಿಕೊಂಡರು. ಅಲ್ಲಿ ಮಂಗಳೂರಿನ ಶಿಷ್ಯ ದ ಗಾಮಾ ಅವರಿಗೆ ನೆರವಾದರು. ಆ ದೇವಾಲಯದ ಅಭಿಷೇಕಕ್ಕೆ ಕೇವಲ ನಾಲ್ಕು ದಿನಗಳಿರುವಾಗ, 1905ರ ನವೆಂಬರ್ 15ರಂದು, ಗುರುಗಳು ದೈವಾಧೀನರಾದರು. ತಾವು ದುಡಿದ ದೇವಾಲಯದ ಅಭಿಷೇಕವನ್ನು ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ.

ಮಂಗಳೂರಿನ ಚಿತ್ರಗಳ ಕೆಲಸವೂ 1901ಕ್ಕೇ ಮುಗಿಯಲಿಲ್ಲವೆನ್ನಬೇಕು. ಕರಾವಳಿಯ ಮಳೆ, ತೇವ, ಧೂಳುಗಳಿಗೆ ಸಿಕ್ಕ ಅವುಗಳ ಮುಂದೆ ಸುಮಾರು ತೊಂಬತ್ತು ವರ್ಷಗಳ ಅನಂತರ ಬೇರೆ ಕೈಗಳು ಮತ್ತೆ ನಿಂತವು. 1991ರಿಂದ 1994ರ ತನಕ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳ ಜೀರ್ಣೋದ್ಧಾರವನ್ನು ಕೈಗೊಂಡರು. ಬರೆಯಲು ಹಿಡಿದ ಕಾಲಕ್ಕಿಂತ ಉಳಿಸಲು ಹಿಡಿದ ಕಾಲವೇನೂ ಕಡಮೆಯಲ್ಲ! ಇಂಥ ಕಾರ್ಯದಲ್ಲಿ ಹಳೆಯದನ್ನು ಹೊಸ ಬಣ್ಣದಿಂದ ಮುಚ್ಚುವಂತಿಲ್ಲ. ನಶಿಸಿದೆಡೆಯಲ್ಲಿ ಮಾತ್ರ, ಮುಂದೆ ಬೇಕಾದರೆ ತೆಗೆಯಬಹುದಾದ ಬಣ್ಣವನ್ನು ತುಂಬುವುದೇ ನಿಯಮ.

ಶತಮಾನೋತ್ಸವಗಳ ಸಡಗರದಲ್ಲಿ ದೇವಾಲಯಗಳಿಗೆ ಹೊಸ ಬಣ್ಣ ಬಳಿಯುವುದು ವಾಡಿಕೆ. ಹಳೆಯ ಚಿತ್ರವೊಂದು ಮಸುಕಾಗಿದೆಯೆಂದು ಅದರ ಮೇಲೆ ಎನಾಮೆಲ್ ಬಳಿದರೆ, ಹಿಂದಿನವರ ದುಡಿಮೆ ಒಂದೇ ದಿನದಲ್ಲಿ ಮರೆಯಾಗುತ್ತದೆ. ಕುಂಚವನ್ನೆತ್ತುವ ಮುನ್ನ ಬಲ್ಲವರನ್ನು ಕೇಳಬೇಕೆಂದು ನಮ್ಮ ವಿಜ್ಞಾಪನೆ. ಪೂರ್ವಿಕರು ಅರ್ಧಕ್ಕೆ ಬಿಟ್ಟುಹೋದ ಸತ್ಕಾರ್ಯಗಳನ್ನು ಅಂಥದೇ ತಾಳ್ಮೆಯಿಂದ ಮುಂದುವರಿಸುವ ಮನಸ್ಸನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.