ಒಡೆಯನನ್ನೇ ಕೇಳಿ: ಪ್ಯಾಕರ್ಡ್ ಕಾರಿನ ಒಂದು ಚರಿತ್ರೆ

ಹೊಸ ಗಾಡಿ ಕೊಳ್ಳಬೇಕೆಂದು ಮನಸ್ಸು ಮಾಡಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಷೋರೂಮಿಗಲ್ಲ. ಅದೇ ಗಾಡಿ ಓಡಿಸುತ್ತಿರುವ ಪರಿಚಯದವರನ್ನು ಹುಡುಕುತ್ತೇವೆ. "ಎಷ್ಟು ಕೊಡುತ್ತೆ? ಸರ್ವೀಸ್ ಹೇಗೆ? ಏನಾದರೂ ತೊಂದರೆ ಇದೆಯಾ?" ಎಂದು ಕೇಳುತ್ತೇವೆ. ಮಾರುವವನ ಹತ್ತು ಮಾತಿಗಿಂತ ಕೊಂಡವನ ಒಂದು ಮಾತಿಗೆ ತೂಕ ಹೆಚ್ಚು. ಎಲ್ಲರಿಗೂ ಗೊತ್ತಿರುವ ಈ ಸತ್ಯವನ್ನೇ ಅಮೆರಿಕದ ಒಂದು ಕಂಪನಿ 1901ರಿಂದ ತನ್ನ ಜಾಹೀರಾತಿನ ಸಾಲು ಮಾಡಿಕೊಂಡಿತು. ಕಂಪನಿಯ ಹೆಸರು ಪ್ಯಾಕರ್ಡ್. ಸಾಲನ್ನು ಕನ್ನಡಕ್ಕೆ ತಂದರೆ 'ಅದರ ಒಡೆಯನನ್ನೇ ಕೇಳಿ' ಎಂದಾಗುತ್ತದೆ.

ಜಾಹೀರಾತುಗಳ ಚರಿತ್ರೆಯನ್ನು ಅಧ್ಯಯನ ಮಾಡುತ್ತಿರುವ ನನಗೆ ಈ ಸಾಲು ಮೊದಲು ಹಿಡಿಸಿದ್ದು ಅದರ ಆತ್ಮವಿಶ್ವಾಸಕ್ಕೆ. ನಮ್ಮ ಕಾರು ಹೀಗಿದೆ, ಹಾಗಿದೆ ಎಂಬ ಬಡಾಯಿಯೇ ಅಲ್ಲಿಲ್ಲ. ಆದರೆ ಅದನ್ನು ಮತ್ತೆ ಮತ್ತೆ ಓದುವಾಗ ಇನ್ನೊಂದು ಪ್ರಶ್ನೆ ಕಾಡತೊಡಗಿತು. ಒಡೆಯ ಎಂದರೆ ಯಾರು? ನಮ್ಮ ಭಾಷೆಯಲ್ಲಿ ಒಡೆಯ ಎಂದರೆ ವಸ್ತುವಿನ ಮಾಲೀಕನೂ ಹೌದು, ಆಳುವ ಯಜಮಾನನೂ ಹೌದು. ಇಂಗ್ಲಿಷಿನ ಮೂಲ ಸಾಲಿನಲ್ಲಿಯೂ ಇರುವುದು ಗಂಡಸು ಎಂಬ ಅರ್ಥದ ಪದವೇ. ಹಾಗಾದರೆ ಆ ಕಾರನ್ನು ಬಲ್ಲ ಉಳಿದವರನ್ನು ಯಾರಾದರೂ ಕೇಳಿದರೇ? ಪ್ಯಾಕರ್ಡಿನ ಚರಿತ್ರೆಯನ್ನು ಈ ಒಂದು ಪ್ರಶ್ನೆಯನ್ನು ಹಿಡಿದು ಓದಬಹುದು ಎಂದು ನನಗನ್ನಿಸುತ್ತದೆ.

ಕಥೆ ಶುರುವಾಗುವುದೇ ಸಿಟ್ಟಿಗೆದ್ದ ಒಬ್ಬ ಒಡೆಯನಿಂದ. ಓಹಾಯೋ ರಾಜ್ಯದ ವಾರನ್ ಎಂಬ ಊರಿನಲ್ಲಿ ಜೇಮ್ಸ್ ವಾರ್ಡ್ ಪ್ಯಾಕರ್ಡ್ ಮತ್ತು ಅವನ ಅಣ್ಣ ವಿಲಿಯಂ ವಿದ್ಯುತ್ ಸಾಮಗ್ರಿಗಳ ಕಾರ್ಖಾನೆ ನಡೆಸುತ್ತಿದ್ದರು. 1898ರಲ್ಲಿ ಜೇಮ್ಸ್ ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್ ತಯಾರಿಸಿದ ಕಾರೊಂದನ್ನು ಕೊಂಡ. ಅದು ಮನೆಗೆ ಬರುವ ದಾರಿಯಲ್ಲೇ ಕೆಟ್ಟು, ಕೊನೆಗೆ ಕುದುರೆಗಳಿಂದ ಎಳೆಸಿಕೊಂಡು ಊರು ಸೇರಿತಂತೆ. ಜೇಮ್ಸ್ ಇಂಜಿನಿಯರಿಂಗ್ ಓದಿದವನು. ದೂರಿನ ಜೊತೆಗೆ ಸುಧಾರಣೆಯ ಸಲಹೆಗಳನ್ನೂ ಹಿಡಿದು ವಿಂಟನ್ ಬಳಿ ಹೋದ. ಅಷ್ಟು ಗೊತ್ತಿದ್ದರೆ ನೀನೇ ಒಂದು ಕಾರು ಮಾಡಿಕೋ ಎಂದು ವಿಂಟನ್ ಗದರಿಸಿ ಕಳಿಸಿದನೆಂಬುದು ಎಲ್ಲರೂ ಹೇಳುವ ಕಥೆ. ಮಾತುಗಳು ಅಕ್ಷರಶಃ ಹೀಗೇ ಇದ್ದವೋ ಇಲ್ಲವೋ, ಮುಂದೆ ನಡೆದದ್ದು ನಿಜ. ವಿಂಟನ್ ಕಂಪನಿಯಲ್ಲಿದ್ದ ಜಾರ್ಜ್ ವೈಸ್ ಮತ್ತು ವಿಲಿಯಂ ಹ್ಯಾಚರ್ ಎಂಬ ಇಬ್ಬರನ್ನು ಪ್ಯಾಕರ್ಡ್ ತನ್ನ ಕಡೆಗೆ ಸೆಳೆದುಕೊಂಡ. 1899ರ ನವೆಂಬರ್ 6ರಂದು ಒಂದೇ ಸಿಲಿಂಡರಿನ ಮೊದಲ ಪ್ಯಾಕರ್ಡ್ ಕಾರು ವಾರನ್ ಬೀದಿಗಳಲ್ಲಿ ಓಡಿತು.

ಜಾಹೀರಾತಿನ ಸಾಲು ಹುಟ್ಟಿದ್ದೂ ಹೀಗೇ. ಕಾರಿನ ವಿವರಗಳನ್ನು ಕೇಳಿ ಯಾರೋ ಪತ್ರ ಬರೆದಿದ್ದರು. ಕಳಿಸಲು ಅಚ್ಚು ಹಾಕಿಸಿದ ಪುಸ್ತಿಕೆ ಇರಲಿಲ್ಲ. ಈಗಾಗಲೇ ಕೊಂಡವನನ್ನು ಕೇಳಲಿ ಎಂದು ಬರೆದುಬಿಡು ಎಂದು ಜೇಮ್ಸ್ ತನ್ನ ಕಾರ್ಯದರ್ಶಿಗೆ ಹೇಳಿದನಂತೆ. ಕೆಟ್ಟ ಕಾರಿನ ಒಡೆಯನಾಗಿ ಪಾಡುಪಟ್ಟವನಿಗೆ ಮಾತ್ರ ಹೊಳೆಯಬಹುದಾದ ಸಾಲು ಅದು. ವಿಂಟನ್ ತನ್ನ ಗಿರಾಕಿಯ ಮಾತಿಗೆ ಕಿವಿಗೊಡಲಿಲ್ಲ. ಪ್ಯಾಕರ್ಡ್ ಗಿರಾಕಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿದ.

ಹೆನ್ರಿ ಜಾಯ್ ಎಂಬ ಡೆಟ್ರಾಯಿಟ್ ಸಿರಿವಂತ ಹಣ ಹೂಡಿದ ಮೇಲೆ 1903ರಲ್ಲಿ ಕಂಪನಿ ಆ ನಗರಕ್ಕೆ ವಲಸೆ ಹೋಯಿತು. ಅಲ್ಲಿನ ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ವಿನ್ಯಾಸ ಮಾಡಿದ ಕಾರ್ಖಾನೆ ಎದ್ದಿತು. ಅದರ 10ನೇ ನಂಬರಿನ ಕಟ್ಟಡಕ್ಕೆ 1905ರಲ್ಲಿ ಅವನು ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟನ್ನು ಬಳಸಿದ. ಕಂಬಗಳ ಸಂಖ್ಯೆ ಕಡಿಮೆಯಾಗಿ, ದೊಡ್ಡ ಕಿಟಕಿಗಳಿಂದ ಬೆಳಕು ಒಳಗೆ ಬಂತು. ಕಾರ್ಖಾನೆ ಕಟ್ಟುವ ರೀತಿಯನ್ನೇ ಈ ಕಟ್ಟಡ ಬದಲಿಸಿತು ಎಂದು ವಾಸ್ತುಶಿಲ್ಪದ ಚರಿತ್ರೆಕಾರರು ಗುರುತಿಸುತ್ತಾರೆ.

ಮುಂದಿನ ಮೂವತ್ತು ವರ್ಷ ಪ್ಯಾಕರ್ಡ್ ಎಂದರೆ ಸಿರಿತನ. 1915ರಲ್ಲಿ ಬಂದ 'ಟ್ವಿನ್ ಸಿಕ್ಸ್' ಮಾದರಿಗೆ ಹನ್ನೆರಡು ಸಿಲಿಂಡರು. ಫೋರ್ಡಿನ ಮಾಡೆಲ್ ಟಿ ಕಾರು 400 ಡಾಲರಿಗಿಂತ ಕೆಳಗಿಳಿಯುತ್ತಿದ್ದ ಕಾಲದಲ್ಲಿ ಇದರ ಬೆಲೆ 2,500 ಡಾಲರಿಗೂ ಹೆಚ್ಚು. 1921ರ ಮಾರ್ಚಿನಲ್ಲಿ ವಾರನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣ ಸ್ವೀಕರಿಸಲು ಹೋದದ್ದು ಇದೇ ಟ್ವಿನ್ ಸಿಕ್ಸ್‌ನಲ್ಲಿ. ಪ್ರಮಾಣ ಸ್ವೀಕಾರಕ್ಕೆ ಕಾರಿನಲ್ಲಿ ಹೋದ ಮೊದಲ ಅಮೆರಿಕನ್ ಅಧ್ಯಕ್ಷ ಅವನು.

ಆ ಕಾಲದ ಒಡೆಯನಿಗೆ ಸಿಗುತ್ತಿದ್ದ ಒಂದು ಸುಖವನ್ನು ಇಲ್ಲಿ ಹೇಳಬೇಕು. ಅವನ ಕಾರು ಹಳತಾದಂತೆ ಕಾಣುತ್ತಿರಲಿಲ್ಲ. ನೊಗದ ಆಕಾರದ ರೇಡಿಯೇಟರ್, ಚಕ್ರದ ನಡುವಿನ ಕೆಂಪು ಷಟ್ಕೋನ, ಇವೆರಡನ್ನು ನೋಡಿದರೆ ಸಾಕು, ಪ್ಯಾಕರ್ಡ್ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ವರ್ಷ ವರ್ಷವೂ ರೂಪ ಬದಲಿಸಿ, ಹಳೆಯ ಕಾರಿನ ಬಗ್ಗೆ ನಾಚಿಕೆ ಹುಟ್ಟಿಸಿ ಹೊಸದನ್ನು ಕೊಳ್ಳುವಂತೆ ಮಾಡುವ ತಂತ್ರವನ್ನು ಜನರಲ್ ಮೋಟಾರ್ಸ್ ರೂಢಿಸುತ್ತಿದ್ದಾಗ, ಪ್ಯಾಕರ್ಡ್ ತನ್ನ ಮಾದರಿಗಳಿಗೆ ವರ್ಷದ ಹೆಸರಿಡದೆ ಸರಣಿ ಸಂಖ್ಯೆಗಳನ್ನು ಕೊಡುತ್ತಿತ್ತು. ಆದರೂ ಒಂದು ಮಾತು. ಇಂಥ ದೊಡ್ಡ ಕಾರುಗಳ ಒಡೆಯರಲ್ಲಿ ಎಷ್ಟೋ ಜನ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ. ಸ್ಟಿಯರಿಂಗ್ ಎಷ್ಟು ಭಾರ, ಬ್ರೇಕು ಎಲ್ಲಿ ಹಿಡಿಯುತ್ತದೆ ಎಂಬುದು ಸಂಬಳದ ಚಾಲಕನಿಗೆ ಗೊತ್ತಿತ್ತು. ಜಾಹೀರಾತು ಅವನನ್ನು ಕೇಳಿ ಎನ್ನಲಿಲ್ಲ.

ಮಹಾ ಆರ್ಥಿಕ ಕುಸಿತ ಬಂದಾಗ ಸಿರಿವಂತರ ಕಾರುಗಳನ್ನಷ್ಟೇ ನಂಬಿದ್ದ ಪಿಯರ್ಸ್-ಆರೋ, ಡ್ಯೂಸೆನ್‌ಬರ್ಗ್ ಕಂಪನಿಗಳು ಮುಳುಗಿದವು. ಪೀರ್‌ಲೆಸ್ ಎಂಬ ಕಂಪನಿ ಕಾರು ಬಿಟ್ಟು ಬಿಯರ್ ತಯಾರಿಕೆಗೆ ಇಳಿಯಿತು. ಪ್ಯಾಕರ್ಡ್ ಉಳಿದದ್ದು ಮೆಟ್ಟಿಲಿಳಿದು ಬಂದದ್ದರಿಂದ. 1935ರಲ್ಲಿ ಬಂದ 'ಒನ್ ಟ್ವೆಂಟಿ'ಯ ಬೆಲೆ 1,000 ಡಾಲರಿನ ಒಳಗೇ ಶುರುವಾಗುತ್ತಿತ್ತು. ಎರಡು ವರ್ಷಗಳ ನಂತರ ಬಂದ ಆರು ಸಿಲಿಂಡರಿನ ಕಾರು 800 ಡಾಲರಿಗೂ ಕಡಿಮೆ. ಹೀಗೆ ಮಾಡಿ ಪ್ಯಾಕರ್ಡ್ ತನ್ನ ಹೆಸರಿನ ಮರ್ಯಾದೆಯನ್ನು ಕಳೆದುಕೊಂಡಿತು ಎಂದು ವಾದಿಸುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಬೇಲಿಯಾಚೆ ನಿಂತು ನೋಡುತ್ತಿದ್ದ ಮಧ್ಯಮ ವರ್ಗದವನಿಗೆ 'ಒಡೆಯ' ಎಂಬ ಪದದೊಳಗೆ ಮೊದಲ ಬಾರಿಗೆ ಜಾಗ ಸಿಕ್ಕಿದ್ದು ಆಗಲೇ.

ಅವನ ಅನುಭವ ಮಾತ್ರ ಎಲ್ಲ ಸಲವೂ ಜಾಹೀರಾತಿನಷ್ಟು ನಯವಾಗಿರಲಿಲ್ಲ. 1940ರ ಮಾದರಿಯಲ್ಲಿ ಪ್ಯಾಕರ್ಡ್ ಏರ್ ಕಂಡೀಷನರ್ ಅಳವಡಿಸಿ ಕೊಡತೊಡಗಿತು. ಕಾರ್ಖಾನೆಯಿಂದಲೇ ಈ ಸೌಲಭ್ಯ ಸಿಕ್ಕಿದ್ದು ಅದೇ ಮೊದಲು. ತಂಪು ಮಾಡುವ ಯಂತ್ರ ಡಿಕ್ಕಿಯ ಅರ್ಧ ಜಾಗವನ್ನು ನುಂಗುತ್ತಿತ್ತು. ತಾಪಮಾನ ನಿಯಂತ್ರಿಸುವ ಉಪಾಯ ಇರಲಿಲ್ಲ. ಕಂಪ್ರೆಸರ್ ನಿಲ್ಲಬೇಕಿದ್ದರೆ ಕಾರು ನಿಲ್ಲಿಸಿ, ಇಳಿದು, ಬಾನೆಟ್ ತೆಗೆದು, ಅದರ ಬೆಲ್ಟನ್ನು ಕೈಯಾರೆ ಕಳಚಬೇಕಿತ್ತು! ಮೊದಲಿಗರಾಗುವುದರ ಬೆಲೆಯನ್ನು ಹೀಗೆ ಕೊಂಡವನೂ ತೆರಬೇಕಾಗುತ್ತದೆ.

ಯುದ್ಧ ಬಂತು. 1942ರ ಆರಂಭದಲ್ಲಿ ಅಮೆರಿಕದಲ್ಲಿ ಖಾಸಗಿ ಕಾರುಗಳ ತಯಾರಿಕೆ ನಿಂತಿತು. ಬ್ರಿಟನ್ನಿನ ರೋಲ್ಸ್ ರಾಯ್ಸ್ ವಿನ್ಯಾಸದ ಮರ್ಲಿನ್ ವಿಮಾನ ಎಂಜಿನ್ನನ್ನು ಪ್ಯಾಕರ್ಡ್ ಆಗಲೇ ತಯಾರಿಸತೊಡಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಂಥ 50,000ಕ್ಕೂ ಹೆಚ್ಚು ಎಂಜಿನ್ನುಗಳು ಅದರ ಕೈಯಿಂದ ಹೊರಬಂದಿದ್ದವು. ನಾನು ಮೇಲೆ ಕೇಳಿದ ಪ್ರಶ್ನೆಗೆ ಅತ್ಯಂತ ಕಟುವಾದ ಉತ್ತರ ಸಿಗುವುದು ಈ ವರ್ಷಗಳಲ್ಲಿ.

ಯುದ್ಧ ಸಾಮಗ್ರಿಯ ಕಾರ್ಖಾನೆಗಳಲ್ಲಿ ಬಣ್ಣದ ಭೇದ ಮಾಡಬಾರದೆಂದು ಅಧ್ಯಕ್ಷ ರೂಸ್‌ವೆಲ್ಟ್ 1941ರಲ್ಲೇ ಆದೇಶ ಹೊರಡಿಸಿದ್ದರು. ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂತಾದ ಕಪ್ಪು ಕಾರ್ಮಿಕ ನಾಯಕರು ವಾಷಿಂಗ್ಟನ್ನಿಗೆ ಜಾಥಾ ಹೊರಡುವುದಾಗಿ ಎಚ್ಚರಿಕೆ ಕೊಟ್ಟ ಮೇಲೆ ಬಂದ ಆದೇಶ ಅದು. ಕಾಗದದ ಆದೇಶ ಕಾರ್ಖಾನೆಯೊಳಗೆ ಬರುವುದು ಅಷ್ಟು ಸುಲಭವಿರಲಿಲ್ಲ. 1943ರಲ್ಲಿ ಪ್ಯಾಕರ್ಡಿನ ಎಂಜಿನ್ ವಿಭಾಗದಲ್ಲಿ ಮೂವರು ಕಪ್ಪು ಕಾರ್ಮಿಕರಿಗೆ ಬಡ್ತಿ ಸಿಕ್ಕಿತು. ಬಿಳಿಯರ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ ಅವಕಾಶ ಅದು. ಅಷ್ಟಕ್ಕೇ ಜೂನ್ ಮೊದಲ ವಾರದಲ್ಲಿ ಸುಮಾರು 25,000 ಬಿಳಿಯ ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ಈ ಮುಷ್ಕರವನ್ನು ಚರಿತ್ರೆಕಾರರು 'ದ್ವೇಷದ ಮುಷ್ಕರ' ಎಂದು ಕರೆಯುತ್ತಾರೆ. ಕಾರ್ಮಿಕ ಸಂಘದ ರಾಷ್ಟ್ರೀಯ ಅಧ್ಯಕ್ಷ ಆರ್. ಜೆ. ಥಾಮಸ್ ತನ್ನದೇ ಸಂಘದ ಸದಸ್ಯರ ವಿರುದ್ಧ ನಿಂತ. ಸರ್ಕಾರವೂ ಬಿಗಿಯಾಯಿತು. ಕೆಲವೇ ದಿನಗಳಲ್ಲಿ ಮುಷ್ಕರ ಮುರಿಯಿತು. ಆದರೆ ಊರಿನ ಬಿಸಿ ಆರಲಿಲ್ಲ. ಜೂನ್ 20ರಂದು ಡೆಟ್ರಾಯಿಟಿನಲ್ಲಿ ಗಲಭೆ ಹೊತ್ತಿಕೊಂಡು 34 ಜನ ಸತ್ತರು. ಅವರಲ್ಲಿ 25 ಮಂದಿ ಕಪ್ಪು ಜನ.

ಮರುವರ್ಷ ಯುರೋಪಿನ ಆಕಾಶದಲ್ಲಿ ಟಸ್ಕೀಗಿ ವೈಮಾನಿಕರು, ಅಂದರೆ ಅಮೆರಿಕದ ಸೇನೆಯ ಮೊದಲ ಕಪ್ಪು ಯುದ್ಧವಿಮಾನ ಚಾಲಕರು, ಮಸ್ಟಾಂಗ್ ವಿಮಾನಗಳನ್ನು ಹಾರಿಸುತ್ತಿದ್ದರು. ಆ ವಿಮಾನಗಳೊಳಗೆ ಇದ್ದದ್ದು ಪ್ಯಾಕರ್ಡ್ ತಯಾರಿಸಿದ ಮರ್ಲಿನ್ ಎಂಜಿನ್. ಅದೇ ಬಣ್ಣದ ಮೂವರು ಆ ಎಂಜಿನ್ನಿನ ಜೋಡಣೆಗೆ ಕೈಹಾಕಿದ್ದಕ್ಕೆ ಒಂದು ಕಾರ್ಖಾನೆಯೇ ನಿಂತುಹೋಗಿತ್ತು. ಎಂಜಿನ್ ಹೇಗಿದೆ ಎಂದು ಹೇಳಬಲ್ಲ ಸಾಕ್ಷಿಗಳಲ್ಲಿ ಆಕಾಶದಲ್ಲಿ ಅದರ ಮೇಲೆ ಪ್ರಾಣ ಇಟ್ಟವರಿಗಿಂತ ದೊಡ್ಡವರು ಯಾರಿದ್ದಾರು?

ಯುದ್ಧದ ನಂತರದ ಕಥೆಯನ್ನು ಬೇಗ ಹೇಳಬಹುದು. 1948ರ ದಪ್ಪ ಮೈಯ ಮಾದರಿಯನ್ನು ಜನ 'ಬಸುರಿ ಆನೆ' ಎಂದು ಆಡಿಕೊಂಡರು. 1953ರ ಕೊನೆಗೆ ಇನ್ನೊಂದು ಪೆಟ್ಟು ಬಿತ್ತು. ಪ್ಯಾಕರ್ಡಿಗೆ ಕಾರಿನ ಹೊರಮೈ ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪನಿಯನ್ನು ಎದುರಾಳಿ ಕ್ರೈಸ್ಲರ್ ಕೊಂಡುಕೊಂಡಿತು. 1954ರಲ್ಲಿ ಪ್ಯಾಕರ್ಡ್ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಸ್ಟುಡಿಬೇಕರ್ ಜೊತೆ ಒಂದಾಯಿತು. 1852ರಲ್ಲಿ ಗಾಡಿ ಮಾಡುವ ಕಮ್ಮಾರಸಾಲೆಯಾಗಿ ಶುರುವಾಗಿದ್ದ ಆ ಹಳೆಯ ಕಂಪನಿಯೂ ಒಳಗೊಳಗೇ ಸೋರುತ್ತಿತ್ತು.

1955ರ ಪ್ಯಾಕರ್ಡಿನಲ್ಲಿ ಒಂದು ಅಚ್ಚರಿಯಿತ್ತು. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಕೂತು ಕಾರು ಕುಸಿದರೆ, ಏಳು ಸೆಕೆಂಡು ಕಾದು ಒಂದು ವಿದ್ಯುತ್ ಮೋಟಾರು ತಾನಾಗಿಯೇ ಕಾರನ್ನು ಎತ್ತಿ ಸಮ ಮಾಡುತ್ತಿತ್ತು. ವಿಲಿಯಂ ಆಲಿಸನ್ ಎಂಬ ಇಂಜಿನಿಯರ್ ರೂಪಿಸಿದ ಈ ಸಸ್ಪೆನ್ಷನ್ ಕಾಲಕ್ಕಿಂತ ಮುಂದಿತ್ತು. ಆದರೆ ಕಾರುಗಳು ತಯಾರಾಗುತ್ತಿದ್ದದ್ದು ಹೊಸದಾಗಿ ಗುತ್ತಿಗೆ ಹಿಡಿದ ಇಕ್ಕಟ್ಟಾದ ಕಟ್ಟಡದಲ್ಲಿ, ಅವಸರದಲ್ಲಿ. ಬಾಗಿಲು ಸರಿಯಾಗಿ ಕೂರಲಿಲ್ಲ. ಗೇರ್ ಬಾಕ್ಸ್ ಕೈಕೊಟ್ಟಿತು. ಕಾರುಗಳು ಷೋರೂಮಿಗಿಂತ ಹೆಚ್ಚು ವರ್ಕ್‌ಷಾಪಿನಲ್ಲಿ ಕಂಡವು. ಅರ್ಧ ಶತಮಾನ ಕಾಲ ಕಂಪನಿಯನ್ನು ಸಾಕಿದ ಸಾಲು ಈಗ ಕಂಪನಿಗೇ ತಿರುಗುಬಾಣವಾಯಿತು. ಜನ ಒಡೆಯನನ್ನು ಕೇಳಿದರು. ಒಡೆಯ ನಿಜವನ್ನೇ ಹೇಳಿದ.

ಹೊಸ ಮಾದರಿಗೆ ಬೇಕಾದ ಸಾಲ ಹುಟ್ಟಲಿಲ್ಲ. 1956ರ ಜೂನ್ 25ರಂದು ಡೆಟ್ರಾಯಿಟಿನ ಕೊನೆಯ ಪ್ಯಾಕರ್ಡ್ ತಯಾರಾಯಿತು. ಆಮೇಲೆ ಎರಡು ವರ್ಷ ಸೌತ್ ಬೆಂಡಿನಲ್ಲಿ ಸ್ಟುಡಿಬೇಕರ್ ಕಾರುಗಳಿಗೇ ಅಲಂಕಾರ ಮಾಡಿ ಪ್ಯಾಕರ್ಡ್ ಹೆಸರು ಅಂಟಿಸಿದರು. 'ಪ್ಯಾಕರ್ಡ್‌ಬೇಕರ್' ಎಂದು ಜನ ನಕ್ಕರು. 1958ಕ್ಕೆ ಅದೂ ಮುಗಿಯಿತು. 1962ರಲ್ಲಿ ಕಂಪನಿಯ ಹೆಸರಿನಿಂದ ಪ್ಯಾಕರ್ಡ್ ಪದವನ್ನೂ ತೆಗೆದರು.

ಹೆಸರು ಹೋದರೂ ಕಥೆ ಇನ್ನೊಂದು ತಿರುವು ಪಡೆಯಿತು. 1963ರ ಡಿಸೆಂಬರಿನಲ್ಲಿ ಸ್ಟುಡಿಬೇಕರ್ ತನ್ನ ಸೌತ್ ಬೆಂಡ್ ಕಾರ್ಖಾನೆಯನ್ನು ಮುಚ್ಚಿತು. ಕಾರ್ಮಿಕರ ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣವೇ ಇರಲಿಲ್ಲ. ನಿವೃತ್ತರಿಗೆ ಮತ್ತು ನಿವೃತ್ತಿಗೆ ಅರ್ಹರಾಗಿದ್ದ 60 ದಾಟಿದವರಿಗೆ ಪೂರ್ತಿ ಪಿಂಚಣಿ ಸಿಕ್ಕಿತು. ಹತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದ 40ರಿಂದ 59ರ ವಯಸ್ಸಿನ 4,000ದಷ್ಟು ಜನರಿಗೆ ಸಿಕ್ಕಿದ್ದು ಬರಬೇಕಾದ್ದರ ಸುಮಾರು ಶೇ. 15. ಉಳಿದವರಿಗೆ ಏನೂ ಇಲ್ಲ. ಅಮೆರಿಕದ ಪಿಂಚಣಿ ಚರ್ಚೆಯಲ್ಲಿ ಈ ಪ್ರಕರಣ ಮತ್ತೆ ಮತ್ತೆ ಉದಾಹರಣೆಯಾಗಿ ಬಂದು, 1974ರಲ್ಲಿ ಕಾರ್ಮಿಕರ ಪಿಂಚಣಿಯನ್ನು ರಕ್ಷಿಸುವ ಕೇಂದ್ರ ಕಾನೂನು ಜಾರಿಯಾಯಿತು. ತಾವು ದುಡಿದು ಕೂಡಿಸಿಟ್ಟದ್ದು ತಮ್ಮದೇ ಎಂದು ನಂಬಿದ್ದವರು ಅದರ ಒಡೆಯರೇ ಅಲ್ಲ ಎಂದು ಗೊತ್ತಾದ ಮೇಲೆ ಬಂದ ಕಾನೂನು ಅದು.

ಡೆಟ್ರಾಯಿಟಿನ ಕಾರ್ಖಾನೆ ಬಹುಕಾಲ ಗೋದಾಮಾಗಿ, ಸಣ್ಣಪುಟ್ಟ ಉದ್ಯಮಗಳ ನೆಲೆಯಾಗಿ, ಆಮೇಲೆ ಪಾಳುಬಿದ್ದು ಜಗತ್ತಿನ ಫೋಟೋಗ್ರಾಫರುಗಳ ತಾಣವಾಯಿತು. 2013ರ ಹರಾಜಿನಲ್ಲಿ ಇಡೀ ಆವರಣ ಹೋದದ್ದು 4,05,000 ಡಾಲರಿಗೆ. 2019ರ ಜನವರಿಯಲ್ಲಿ ರಸ್ತೆಯ ಮೇಲೆ ಹಾದುಹೋಗಿದ್ದ ಅದರ ಪ್ರಸಿದ್ಧ ಸೇತುವೆ ಕುಸಿಯಿತು. 2022ರಲ್ಲಿ ನಗರಾಡಳಿತ ಕಟ್ಟಡಗಳನ್ನು ಕೆಡವತೊಡಗಿತು. ಪಾಳು ಗೋಡೆಗಳ ಆ ಫೋಟೋಗಳು ಸುಂದರವಾಗಿವೆ, ಆದರೆ ನಾನು ನೋಡಿದ ಹೆಚ್ಚಿನವುಗಳಲ್ಲಿ ಮನುಷ್ಯರಿಲ್ಲ.

ಪ್ಯಾಕರ್ಡ್ ಕಾರುಗಳನ್ನು ಜೋಪಾನವಾಗಿ ಕಾಪಾಡಿಕೊಂಡಿರುವ ಸಂಗ್ರಾಹಕರು ಇಂದಿಗೂ ಇದ್ದಾರೆ. ವಾರನ್ ಊರಿನಲ್ಲಿ ಒಂದು ಮ್ಯೂಸಿಯಂ ಇದೆ. ಕಾರು ಹೇಗಿತ್ತು ಎಂದು ತಿಳಿಯಬೇಕಾದವರು ಅಲ್ಲಿಗೆ ಹೋಗಿ ಒಡೆಯರನ್ನು ಕೇಳಬಹುದು, ಅವರು ಸಂತೋಷದಿಂದ ಹೇಳುತ್ತಾರೆ. ಆದರೆ ಪ್ಯಾಕರ್ಡ್ ಹೇಗಿತ್ತು ಎಂದು ತಿಳಿಯಬೇಕಾದವರು ಡೆಟ್ರಾಯಿಟಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಹೋಗಬೇಕಾಗುತ್ತದೆ. ಅಲ್ಲಿನ ವಾಲ್ಟರ್ ರೂಥರ್ ಗ್ರಂಥಾಲಯದಲ್ಲಿ ವಾಹನ ಕಾರ್ಮಿಕರ ಸಂಘದ ಹಳೆಯ ಕಡತಗಳಿವೆ. ಜಾಹೀರಾತು ಯಾರನ್ನು ಕೇಳಿ ಎನ್ನಲಿಲ್ಲವೋ ಅವರ ಮಾತು ಹುಡುಕಬೇಕಾದದ್ದು ಆ ಕಡತಗಳಲ್ಲಿ.