ಕ್ಯಾಸನೂರಿನ ಕಾಡಿನಿಂದ ಬಂದ ಜ್ವರ

ಅಮೀರ್‌ಪೇಟೆಯ ನನ್ನ ಮನೆಯಿಂದ ಬೇಗಂಪೇಟೆ ಕೂಗಳತೆಯ ದೂರ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು ಈ ಸಿಕಂದರಾಬಾದಿನ ಆಸುಪಾಸಿನಲ್ಲೇ. ಆ ಕಥೆಗೆ ಇಲ್ಲಿ ಸ್ಮಾರಕವಿದೆ. ನಮ್ಮ ಮಲೆನಾಡಿನಲ್ಲಿ ಅರವತ್ತು ವರ್ಷಗಳ ನಂತರ ನಡೆದ ಇಂಥದ್ದೇ ಹುಡುಕಾಟದ ಕಥೆ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಮಂಗಗಳನ್ನು ಕೊಲ್ಲುವ ಆ ರೋಗ ಭಾರತಕ್ಕೆ ಕಾಲಿಟ್ಟಿರಲೇ ಇಲ್ಲ, ಹಾಗಾಗಿ ಗಾಬರಿ ಸಹಜ. ಆದರೆ ಸಿಕ್ಕಿದ್ದು ಹೊಸ ವೈರಸ್. ಅದರ ಹತ್ತಿರದ ಬಂಧುಗಳು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಸ್‌ಗಳು! ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಉಣುಗು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೂ ಈ ಪ್ರಶ್ನೆಗೂ ನಂಟಿದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಕೊಲಂಬಿಯಾದ ಜಾರ್ಜ್ ಬೊಷೆಲ್ ಅವರ ವಾದ. ವೈರಸ್ ಮೊದಲೇ ಕಾಡಿನಲ್ಲಿತ್ತು, ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿತ್ತು. ನಾವು ಕಾಡು ಕಡಿದು ಗದ್ದೆ ಮಾಡಿದೆವು, ದನಗಳನ್ನು ಒಳಗೆ ಮೇಯಲು ಬಿಟ್ಟೆವು. ಬೆಳೆದ ಉಣುಗಿಗೆ ದನ ಹಬ್ಬದೂಟ. ಒಂದೊಂದು ಹೆಣ್ಣೂ ರಕ್ತ ಕುಡಿದು ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. 1983-84ರಲ್ಲಿ ಬೆಳ್ತಂಗಡಿ ಕಡೆ ಅತಿದೊಡ್ಡ ಹಾವಳಿ ನಡೆಯಿತಲ್ಲ, 1,500ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತಲ್ಲ, ಅದರ ಹಿಂದೆಯೂ ಗೇರು ತೋಟಕ್ಕಾಗಿ ಕಾಡು ಸವರಿದ್ದಿತ್ತು. ಹೀಗಿದ್ದೂ ಹೆಸರು ಮಾತ್ರ ‘ಮಂಗನ ಕಾಯಿಲೆ’. ಪಾಪ, ಮಂಗವೂ ನಮ್ಮಂತೆ ರೋಗಿಯೇ. ಅದು ಸತ್ತಾಗ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲ ನೆಲವನ್ನು ಅಪಾಯದ ಜಾಗ ಮಾಡುತ್ತವೆ, ಅಷ್ಟೆ.

ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಕಣ್ಣಿಗೆ ಬೀಳುವುದೇ ಕಷ್ಟ. ಅದರ ಕಾಲ ಸುಮಾರು ಡಿಸೆಂಬರಿನಿಂದ ಮೇ. ಅಂದರೆ ನಾವೆಲ್ಲ ಸಂಕ್ರಾಂತಿ, ಯುಗಾದಿ, ಬೇಸಿಗೆ ರಜೆ ಎಂದು ಬಸ್ಸು ಹತ್ತುವ ಕಾಲ. ಊರಿನಲ್ಲಿ ದರಕು ಗುಡಿಸಲು, ಕಟ್ಟಿಗೆಗೆ, ಕಾಡಂಚಿನ ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಇರಲಿ, ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಚ್ಚಿಕೊಂಡಿದ್ದರೆ ಹಿಸುಕದೆ, ಚರ್ಮಕ್ಕೆ ತಾಗಿದಂತೆ ಚಿಮುಟದಿಂದ ಹಿಡಿದು ನೇರ ಎಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ.

ಲಸಿಕೆಯ ಕಥೆ ಬೇಸರದ್ದು. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಎರಡು ಡೋಸಿಗೆ ಸುಮಾರು 62 ಶೇಕಡ ರಕ್ಷಣೆ ಕೊಡುತ್ತಿತ್ತೆಂದು 2013ರ ಅಧ್ಯಯನವೊಂದು ಹೇಳಿತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದನ್ನು ಐಸಿಎಂಆರ್ ಜೊತೆ ಸೇರಿ ಅಭಿವೃದ್ಧಿಪಡಿಸುತ್ತಿರುವುದು ಇಲ್ಲಿನ ಗಚ್ಚಿಬೌಲಿಯ ಇಂಡಿಯನ್ ಇಮ್ಯುನಾಲಾಜಿಕಲ್ಸ್. ನಮ್ಮಲ್ಲಿ ಅರ್ಧ ಜನ ದಿನವೂ ಕೆಲಸಕ್ಕೆ ಹೋಗುವ ದಿಕ್ಕು!

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ, ತಲೆನೋವು, ವಿಪರೀತ ಮೈಕೈನೋವು ಶುರುವಾಗುತ್ತದೆ, ಕೆಲವರಲ್ಲಿ ರಕ್ತಸ್ರಾವವೂ. ಜ್ವರ ಇಳಿದು ಒಂದೆರಡು ವಾರದ ಮೇಲೆ ಮರಳಿ ಬಂದು ಮೆದುಳನ್ನು ಕಾಡುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಅಷ್ಟರಲ್ಲಿ ನೀವು ಅಮೀರ್‌ಪೇಟೆಯ ಹಾಸ್ಟೆಲಿಗೆ ಮರಳಿರುತ್ತೀರಿ, ಇಲ್ಲಿನ ವೈದ್ಯರು ಡೆಂಗಿ, ಟೈಫಾಯಿಡ್ ಎಂದು ಪರೀಕ್ಷೆ ಬರೆಯುತ್ತಾರೆ. ಅದು ಅವರ ತಪ್ಪಲ್ಲ. ಶಿವಮೊಗ್ಗ, ಉತ್ತರ ಕನ್ನಡ ಅಥವಾ ಚಿಕ್ಕಮಗಳೂರಿನಿಂದ ಈಚೆಗೆ ಬಂದೆ, ಕಾಡಂಚಿಗೆ ಹೋಗಿದ್ದೆ, ಕೆಎಫ್‌ಡಿ ಇರಬಹುದೇ ನೋಡಿ ಎಂದು ನೀವೇ ಹೇಳಬೇಕು.